ಅನುಭವ ಹಂಚಿಕೆ: ಅಪರೂಪದ ಸಿಂಗಲ್ ಮಾಲ್ಟ್ ಸಂಗ್ರಹಕ್ಕೆ ಎರಡು ಲಕ್ಷ ರೂಪಾಯಿ ಹಾಕಬಹುದೆ?

ಕೇಳಿದವರು: ಪಂಪ್‌ಸೆಟ್ ವ್ಯಾಪಾರಿ, ದಾವಣಗೆರೆ

ಮಾನ್ಯರೆ, ಎಡಿನ್‌ಬರೊದಲ್ಲಿ ಕೆಲಸಕ್ಕಿರುವ ನನ್ನ ಭಾವಮೈದುನ ಊರಿಗೆ ಬಂದಾಗಲೆಲ್ಲ ಒಂದೆರಡು ಸಿಂಗಲ್ ಮಾಲ್ಟ್ ಸ್ಕಾಚ್ (ಒಂದೇ ಭಟ್ಟಿಯಲ್ಲಿ ಬರೀ ಮೊಳಕೆ ಬಾರ್ಲಿಯಿಂದ ಇಳಿಸಿದ ಸ್ಕಾಟ್ಲೆಂಡಿನ ವಿಸ್ಕಿ) ತಂದುಕೊಡುತ್ತ, ಈಗ ನನ್ನ ಬಳಿ ಎಂಟು ಬಾಟಲಿಗಳಾಗಿವೆ. ಒಂದನ್ನೂ ತೆರೆದಿಲ್ಲ. ಅಪರೂಪದ ಸ್ಕಾಚ್ ಚಿನ್ನಕ್ಕಿಂತ ವೇಗವಾಗಿ ಬೆಲೆ ಏರಿಸಿಕೊಳ್ಳುತ್ತದೆ ಎಂದು ಸ್ನೇಹಿತರೊಬ್ಬರು ಹೇಳಿದ ಮೇಲೆ, ಕೈಯಲ್ಲಿರುವ ಎರಡು ಲಕ್ಷ ರೂಪಾಯಿಯನ್ನು ಇದಕ್ಕೇ ಹಾಕಿ ಕ್ರಮಬದ್ಧವಾಗಿ ಸಂಗ್ರಹಿಸಬೇಕೆಂಬ ಆಸೆ ಹುಟ್ಟಿದೆ. ಯಾವುದನ್ನು ಕೊಳ್ಳಬೇಕು, ನಮ್ಮ ಊರಿನ ಬಿಸಿಲಿನಲ್ಲಿ ಹೇಗೆ ಇಡಬೇಕು, ನಕಲಿಯನ್ನು ಹೇಗೆ ಗುರುತಿಸಬೇಕು ಎಂಬುದನ್ನು ಅನುಭವಸ್ಥರು ತಿಳಿಸಬೇಕಾಗಿ ಕೋರುತ್ತೇನೆ. ದೇವರ ಕೋಣೆ ಕಾಣುವ ಹಜಾರದ ಶೋಕೇಸಿನಲ್ಲಿ ಮಾತ್ರ ಅವು ಇರಕೂಡದೆಂದು ಮನೆಯವರು ಈಗಾಗಲೇ ತೀರ್ಮಾನಿಸಿದ್ದಾರೆ.

ನಿವೃತ್ತ ಬ್ಯಾಂಕ್ ಉದ್ಯೋಗಿ, ಚಿತ್ರದುರ್ಗ

ಹತ್ತೊಂಬತ್ತು ವರ್ಷಗಳಿಂದ ಈ ಹವ್ಯಾಸದಲ್ಲಿರುವ ನಾನು ಮೊದಲು ಹೇಳಬೇಕಾದದ್ದು ರುಚಿಯ ಮಾತಲ್ಲ, ಕಾನೂನಿನ ಮಾತು. ನೀವು ಕೊಂಡದ್ದನ್ನು ಇಲ್ಲಿ ಮಾರುವಂತಿಲ್ಲ. 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಪ್ರಕಾರ ಪರವಾನಗಿ ಇಲ್ಲದವರು ಮದ್ಯ ಮಾರುವುದು ಅಪರಾಧ. ಅದು ಒಂದೇ ಬಾಟಲಿಯಾಗಿರಲಿ, ಮೂವತ್ತು ವರ್ಷ ಹಳೆಯದಾಗಿರಲಿ, ಕೊಳ್ಳುವವನು ನಿಮ್ಮ ಆಪ್ತ ಸ್ನೇಹಿತನೇ ಆಗಿರಲಿ, ವ್ಯತ್ಯಾಸವಿಲ್ಲ. ಚಿನ್ನವನ್ನು ಕಷ್ಟಕಾಲದಲ್ಲಿ ಯಾವ ಸರಾಫರ ಅಂಗಡಿಗಾದರೂ ಒಯ್ಯಬಹುದು, ಇದನ್ನು ಒಯ್ಯಲು ಅಂಗಡಿಯೇ ಇಲ್ಲ. ಬ್ರಿಟನ್ನಿನ ಹರಾಜಿಗೆ ಕಳುಹಿಸೋಣವೆಂದರೆ ಅಂಚೆಯಲ್ಲಿ ಮದ್ಯ ಕಳುಹಿಸುವಂತಿಲ್ಲ. ಹೇಗೋ ತಲುಪಿಸಿದರೂ ಹರಾಜುದಾರರ ಶುಲ್ಕ, ತೆರಿಗೆ, ವಿಮೆ ಎಲ್ಲ ಕಳೆದು ಕೈಗೆ ಬರುವುದು ಕಡಿಮೆ. 2022ರ ನಂತರ ಆ ಹರಾಜುಗಳಲ್ಲಿಯೇ ಬೆಲೆಗಳು ಇಳಿದಿವೆ ಎಂಬುದನ್ನೂ ನಿಮ್ಮ ಸ್ನೇಹಿತರಿಗೆ ತಿಳಿಸಿ.

ಎರಡನೆಯದಾಗಿ, ಪರವಾನಗಿ ಇಲ್ಲದೆ ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಮದ್ಯದ ಪ್ರಮಾಣಕ್ಕೆ ಸರ್ಕಾರ ಮಿತಿ ಗೊತ್ತುಪಡಿಸಿದೆ. ಒಂಬತ್ತನೆಯ ಬಾಟಲಿ ಕೊಳ್ಳುವ ಮೊದಲು ಜಿಲ್ಲಾ ಅಬಕಾರಿ ಕಚೇರಿಗೆ ಹೋಗಿ, ಸಂಕೋಚವಿಲ್ಲದೆ, ಈ ದಿನ ಜಾರಿಯಲ್ಲಿರುವ ಮಿತಿ ಎಷ್ಟೆಂದು ಕೇಳಿ ತಿಳಿದುಕೊಳ್ಳಿ. ನಾನು ಹೋದಾಗ ಅಲ್ಲಿದ್ದವರು ನನ್ನನ್ನು ವಿಚಿತ್ರವಾಗಿ ನೋಡಿದ್ದು ನಿಜ, ಆದರೆ ಉತ್ತರ ಸ್ಪಷ್ಟವಾಗಿಯೇ ದೊರೆಯಿತು. ಪ್ರತಿ ಬಾಟಲಿಯ ಬಿಲ್ಲನ್ನೂ, ತಂದವರ ಪ್ರಯಾಣದ ಟಿಕೆಟ್ಟಿನ ಪ್ರತಿಯನ್ನೂ ಒಂದು ಕಡತದಲ್ಲಿ ಇಡಿ.

ಇನ್ನು ಅಪರೂಪ ಎಂಬ ಪದ. ಮ್ಯಾಕಲನ್ ಭಟ್ಟಿಯಲ್ಲಿ 1926ರಲ್ಲಿ ಇಳಿಸಿ, ಅರವತ್ತು ವರ್ಷ ಪೀಪಾಯಿಯಲ್ಲಿಟ್ಟು, 1986ರಲ್ಲಿ ಕೇವಲ ನಲವತ್ತು ಬಾಟಲಿಗಳಿಗೆ ತುಂಬಿದ ವಿಸ್ಕಿಯ ಒಂದು ಬಾಟಲಿ 2023ರ ನವೆಂಬರಿನಲ್ಲಿ ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ 21 ಲಕ್ಷ ಪೌಂಡಿಗೂ ಹೆಚ್ಚಿನ ಬೆಲೆಗೆ ಹೋಯಿತು. ಪತ್ರಿಕೆಗಳಲ್ಲಿ ಬರುವುದು ಇಂಥ ಸುದ್ದಿ. ನಮ್ಮಂಥವರಿಗೆ ಎಟುಕಬಹುದಾದ ಅಪರೂಪವೆಂದರೆ ಮುಚ್ಚಿಹೋದ ಭಟ್ಟಿಗಳ ಸರಕು ಎಂದು ನಾನೂ ಒಂದು ಕಾಲದಲ್ಲಿ ನಂಬಿದ್ದೆ. ಸ್ಕಾಟ್ಲೆಂಡಿನ ಐಲಾ ದ್ವೀಪದ ಪೋರ್ಟ್ ಎಲೆನ್ ಮತ್ತು ಉತ್ತರದ ಬ್ರೋರಾ, ಎರಡೂ 1983ರಲ್ಲಿ ಬಾಗಿಲು ಹಾಕಿದ್ದವು. ಉಳಿದ ಪೀಪಾಯಿಗಳು ತೀರುತ್ತ ಬಂದಂತೆ ಬೆಲೆ ಏರುತ್ತ ಹೋಯಿತು. ಬ್ರೋರಾ 2021ರಲ್ಲಿಯೂ ಪೋರ್ಟ್ ಎಲೆನ್ 2024ರಲ್ಲಿಯೂ ಮತ್ತೆ ಬೆಂಕಿ ಹೊತ್ತಿಸಿವೆ. ಹಳೆಯ ಸರಕು ಈಗಲೂ ದುಬಾರಿಯೇ, ನಿಮ್ಮ ಎರಡು ಲಕ್ಷಕ್ಕೆ ಒಂದೋ ಎರಡೋ ಬಾಟಲಿ ಬಂದೀತು. ಅದನ್ನು ತೆರೆಯುವ ಧೈರ್ಯ ನಿಮಗೆ ಬಾರದು, ಮಾರುವ ದಾರಿಯೂ ಇಲ್ಲ. ನನ್ನ ಬೀರುವಿನಲ್ಲಿ ಅಂಥದೊಂದು ಹನ್ನೊಂದು ವರ್ಷಗಳಿಂದ ನಿಂತಿದೆ, ಸಾಕಿದ ಹಾವಿನಂತೆ.

ರಸಾಯನಶಾಸ್ತ್ರ ಅಧ್ಯಾಪಕಿ, ದಾವಣಗೆರೆ

ನಾನು ಸಂಗ್ರಾಹಕಳಲ್ಲ, ಸಂಗ್ರಾಹಕರ ಮಗಳು. ನಮ್ಮ ತಂದೆಯವರು ತೀರಿಕೊಂಡ ಮೇಲೆ ವಿದ್ಯಾನಗರದ ಮನೆಯ ಅಟ್ಟದಿಂದ ಹದಿನಾಲ್ಕು ಬಾಟಲಿಗಳನ್ನು ಇಳಿಸಿದಾಗ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಅವರು ಅವುಗಳನ್ನು ದ್ರಾಕ್ಷಾರಸದ ಬಾಟಲಿಗಳಂತೆ ಅಡ್ಡ ಮಲಗಿಸಿದ್ದರು. ದ್ರಾಕ್ಷಾರಸಕ್ಕೆ ಅದು ಸರಿ, ಏಕೆಂದರೆ ಅದರಲ್ಲಿ ಆಲ್ಕೊಹಾಲ್ ಕಡಿಮೆ, ಕಾರ್ಕ್ ತೇವವಾಗಿಯೇ ಇರಬೇಕು. ನೂರಕ್ಕೆ ನಲವತ್ತು ಅಥವಾ ಅದಕ್ಕಿಂತ ಹೆಚ್ಚು ಆಲ್ಕೊಹಾಲ್ ಇರುವ ವಿಸ್ಕಿ ವರ್ಷಗಟ್ಟಲೆ ತಾಗಿಕೊಂಡಿದ್ದರೆ ಕಾರ್ಕನ್ನೇ ತಿನ್ನುತ್ತದೆ. ಐದು ಬಾಟಲಿಗಳ ಬಿರಡೆ ತಿರುಗಿಸಿದಾಕ್ಷಣ ಹಳೆಯ ಕೊಬ್ಬರಿಯಂತೆ ಪುಡಿಯಾಗಿ ಒಳಗೆ ಬಿತ್ತು. ಆದ್ದರಿಂದ ಬಾಟಲಿ ನಿಂತೇ ಇರಬೇಕು. ಮೂರು ನಾಲ್ಕು ತಿಂಗಳಿಗೊಮ್ಮೆ ಕ್ಷಣಮಾತ್ರ ಬಾಗಿಸಿ ಕಾರ್ಕನ್ನು ತೋಯಿಸಿ ಮತ್ತೆ ನಿಲ್ಲಿಸುವ ರೂಢಿ ಕೆಲವರಲ್ಲಿದೆ, ಅದರಿಂದ ಕೇಡಿಲ್ಲ.

ಹೆಚ್ಚಿನ ಹಾನಿ ಮಾಡಿದ್ದು ಸೆಕೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಊರಿನ ಬಿಸಿ 38ರಿಂದ 40 ಡಿಗ್ರಿ ಮುಟ್ಟುತ್ತದೆ. ಕಾಂಕ್ರೀಟ್ ಚಾವಣಿಗೆ ಅಂಟಿಕೊಂಡ ಅಟ್ಟದಲ್ಲಿ ಅದಕ್ಕಿಂತಲೂ ಹೆಚ್ಚು. ಹಗಲು ಬಾಟಲಿಯೊಳಗಿನ ಗಾಳಿ ಹಿಗ್ಗಿ ಆವಿಯನ್ನು ಕಾರ್ಕಿನ ಸಂದಿಯಿಂದ ಹೊರದೂಡುತ್ತದೆ, ರಾತ್ರಿ ಕುಗ್ಗಿ ಹೊಸ ಗಾಳಿಯನ್ನು ಒಳಗೆಳೆಯುತ್ತದೆ. ಇದು ಇಪ್ಪತ್ತು ಬೇಸಿಗೆ ನಡೆದರೆ ಕತ್ತಿನವರೆಗಿದ್ದ ವಿಸ್ಕಿ ಭುಜಕ್ಕಿಂತ ಕೆಳಗೆ ಇಳಿದಿರುತ್ತದೆ. ಲೇಬಲ್ಲುಗಳ ಕಥೆ ಬೇರೆ: ರಟ್ಟಿನ ಡಬ್ಬಿಗಳಿಗೆ ಗೆದ್ದಲು ಹತ್ತಿ, ಮೂರು ಬಾಟಲಿಗಳು ಯಾವುವೆಂದೇ ತಿಳಿಯಲಿಲ್ಲ.

ನೆಲಮಾಳಿಗೆ ಇಲ್ಲದ ಮನೆಯಲ್ಲಿ ನೆಲ ಅಂತಸ್ತಿನ, ಪಡುವಣ ಬಿಸಿಲು ಬೀಳದ ಒಳಕೋಣೆಯ ಕಬ್ಬಿಣದ ಬೀರುವೇ ಉತ್ತಮ. ಶೋಕೇಸು ಬೇಡವೆಂಬ ನಿಮ್ಮ ಮನೆಯವರ ಮಾತು ರಸಾಯನಶಾಸ್ತ್ರದ ದೃಷ್ಟಿಯಿಂದಲೂ ಸರಿಯಾಗಿದೆ, ಬೆಳಕು ಬಣ್ಣವನ್ನೂ ರುಚಿಯನ್ನೂ ಕೆಡಿಸುತ್ತದೆ. ಕತ್ತಿನ ಸುತ್ತ ಪ್ರಯೋಗಾಲಯದಲ್ಲಿ ಬಳಸುವ ಪ್ಯಾರಾಫಿಲ್ಮ್ ಪಟ್ಟಿಯನ್ನು ಎಳೆದು ಸುತ್ತಿದರೆ ಆವಿ ಹೋಗುವುದು ಬಹಳಷ್ಟು ತಗ್ಗುತ್ತದೆ. ವರ್ಷಕ್ಕೊಮ್ಮೆ, ಯುಗಾದಿಯ ಹೊತ್ತಿಗೆ ಎಂದು ಇಟ್ಟುಕೊಳ್ಳಿ, ಪ್ರತಿ ಬಾಟಲಿಯ ಮಟ್ಟವನ್ನು ಫೋಟೊ ತೆಗೆದಿಡಿ.

ಒಂದು ತಪ್ಪು ತಿಳಿವಳಿಕೆಯನ್ನೂ ತೆಗೆಯಬೇಕು. ವಿಸ್ಕಿ ಮಾಗುವುದು ಓಕ್ ಮರದ ಪೀಪಾಯಿಯಲ್ಲಿ, ಗಾಜಿನಲ್ಲಲ್ಲ. ಹನ್ನೆರಡು ವರ್ಷದ ವಿಸ್ಕಿಯನ್ನು ಇಪ್ಪತ್ತು ವರ್ಷ ಮನೆಯಲ್ಲಿಟ್ಟರೆ ಅದು ಮೂವತ್ತೆರಡು ವರ್ಷದ್ದಾಗುವುದಿಲ್ಲ, ಹನ್ನೆರಡರದ್ದಾಗಿಯೇ ಉಳಿಯುತ್ತದೆ. ನಮ್ಮ ತಂದೆಯವರು ಇದನ್ನು ಕೊನೆಯವರೆಗೂ ಒಪ್ಪಲಿಲ್ಲ.

ಮೋಸ ಹೋದವನು, ಹರಿಹರದ ಕಡೆಯವನು

ಬೆಂಗಳೂರಿನಲ್ಲಿ ಪರಿಚಯಸ್ಥರ ಪರಿಚಯಸ್ಥರೊಬ್ಬರಿಂದ, ಕದ್ದುಮುಚ್ಚಿ, 1970ರ ದಶಕದ್ದೆಂದು ಹೇಳಿದ ಬಾಟಲಿಯೊಂದನ್ನು ನಲವತ್ತೆರಡು ಸಾವಿರ ರೂಪಾಯಿಗೆ ಕೊಂಡೆ. ಅದರ ಮೇಲೆ 700 ಮಿಲಿಲೀಟರ್ ಎಂದೂ ಶೇಕಡಾ 40 ಎಂದೂ ಅಚ್ಚಾಗಿತ್ತು. ಆ ಕಾಲದ ಬ್ರಿಟನ್ನಿನ ಬಾಟಲಿಯಾಗಿದ್ದರೆ ಮದ್ಯದ ತ್ರಾಣವನ್ನು ಹಳೆಯ ಅಳತೆಯಲ್ಲಿ 70 ಡಿಗ್ರಿ ಪ್ರೂಫ್ ಎಂದು ಬರೆದಿರಬೇಕಿತ್ತು. ಈಗಿನ ಶೇಕಡಾ 40 ಅದಕ್ಕೆ ಸಮ. ಶೇಕಡಾ ಲೆಕ್ಕ ಅಲ್ಲಿ ಬಂದದ್ದು 1980ರಲ್ಲಿ, 700 ಮಿಲಿಲೀಟರಿನ ಅಳತೆ ನೆಲೆಯೂರಿದ್ದು 1990ರ ದಶಕದ ಆರಂಭದಲ್ಲಿ. ಇಷ್ಟು ಗೊತ್ತಿದ್ದರೆ ಉಳಿಯುತ್ತಿದ್ದೆ. ದೂರು ಕೊಡಲೂ ಬಾಯಿಲ್ಲ, ಏಕೆಂದರೆ ಕೊಂಡದ್ದೇ ಅಕ್ರಮವಾಗಿ. ಖಾಲಿಯಾದ ದುಬಾರಿ ಬಾಟಲಿಗಳನ್ನು ಡಬ್ಬಿಯ ಸಮೇತ ಗುಜರಿಯವರಿಗೆ ಕೊಡಬೇಡಿರೆಂದು ಎಲ್ಲರಲ್ಲೂ ವಿನಂತಿ. ಲೇಬಲ್ಲನ್ನು ಕೆರೆದು ಹಾಕಿಯೇ ಕೊಡಿ. ನನಗೆ ಬಂದದ್ದು ಹಾಗೆ ಹೋದ ಬಾಟಲಿಯೇ ಇರಬೇಕು.

ನಿವೃತ್ತ ಬ್ಯಾಂಕ್ ಉದ್ಯೋಗಿ, ಚಿತ್ರದುರ್ಗ

ಹರಿಹರದವರು ಒಬ್ಬರೇ ಅಲ್ಲ. ಸ್ವಿಟ್ಜರ್ಲೆಂಡಿನ ಹೋಟೆಲೊಂದರಲ್ಲಿ 2017ರಲ್ಲಿ ಚೀನಾದ ಅತಿಥಿಯೊಬ್ಬರು 1878ರ ಮ್ಯಾಕಲನ್ ಎಂದು ನಂಬಿ ಒಂದು ಪೆಗ್ಗಿಗೆ ಸುಮಾರು ಹತ್ತು ಸಾವಿರ ಫ್ರಾಂಕ್ ಕೊಟ್ಟರು; ಪರೀಕ್ಷಿಸಿದಾಗ ಅದು 1970ರ ದಶಕದ ಆರಂಭದ ಮಿಶ್ರ ವಿಸ್ಕಿಯಾಗಿತ್ತು. ಅಣುಬಾಂಬ್ ಪರೀಕ್ಷೆಗಳಿಂದಾಗಿ 1950ರ ದಶಕದ ನಂತರ ಬೆಳೆದ ಬಾರ್ಲಿಯಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲದ ಅಂಶ ಹೆಚ್ಚಿರುತ್ತದೆ, ಸುಳ್ಳು ಸಿಕ್ಕಿಬೀಳುವುದು ಅಲ್ಲಿ. ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯಗಳ ಸಂಶೋಧನಾ ಕೇಂದ್ರವೊಂದು 2018ರಲ್ಲಿ ಹೀಗೆ ಪರೀಕ್ಷಿಸಿದ 55 ಬಾಟಲಿಗಳಲ್ಲಿ 21 ಅಸಲಿಯಾಗಿರಲಿಲ್ಲ.

ಗ್ಲಾಸ್ಗೊದಿಂದ ಮರಳಿದವನು, ಹಿರಿಯೂರು

ಎಂಟು ವರ್ಷ ಗ್ಲಾಸ್ಗೊದಲ್ಲಿದ್ದವನಾಗಿ ಕೊಳ್ಳುವ ವಿಷಯವನ್ನಷ್ಟೇ ಹೇಳುತ್ತೇನೆ. ಭಾವಮೈದುನನಿಗೆ ಮೊದಲು ಅಳತೆ ತಿಳಿಸಿ: ಸುಂಕವಿಲ್ಲದೆ ಒಬ್ಬ ಪ್ರಯಾಣಿಕ ತರಬಹುದಾದದ್ದು ಎರಡು ಲೀಟರ್. ಅಲ್ಲಿನ ಬಾಟಲಿ 700 ಮಿಲಿಲೀಟರ್ ಆದ್ದರಿಂದ ಮೂರು ತಂದರೆ ನೂರು ಮಿಲಿಲೀಟರ್ ಮೀರುತ್ತದೆ. ಈ ನೂರು ಮಿಲಿಲೀಟರಿಗಾಗಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಒಂದು ಗಂಟೆ ನಿಂತವನು ನಾನು. ಆಮದು ಸುಂಕ ಶೇಕಡಾ 150ರಷ್ಟಿದ್ದುದನ್ನು ಮೊದಲು 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಸುವ ಒಪ್ಪಂದಕ್ಕೆ ಭಾರತ ಮತ್ತು ಬ್ರಿಟನ್ 2025ರ ಜುಲೈನಲ್ಲಿ ಸಹಿ ಹಾಕಿವೆ. ಹಾಗಾಗಿ ಇಂದು ಇಲ್ಲಿನ ಅಂಗಡಿಯಲ್ಲಿ ದುಬಾರಿಯಾಗಿರುವ ಸಾಮಾನ್ಯ ಬಾಟಲಿಗಳನ್ನು ಅಪರೂಪವೆಂದು ಕೂಡಿಹಾಕುವುದರಲ್ಲಿ ಅರ್ಥವಿಲ್ಲ.

ಕೂಡಿಡಲು ಯೋಗ್ಯವಾದವು ಕಂತು ಕಂತಾಗಿ (ಬ್ಯಾಚುಗಳಲ್ಲಿ) ಹೊರಬರುವಂಥವು. ಅಬರ್ಲರ್ ಅಬುನಾ ಎಂಬುದು ಶೆರಿ ಎಂಬ ಸ್ಪೇನಿನ ದ್ರಾಕ್ಷಾರಸ ಇಟ್ಟಿದ್ದ ಪೀಪಾಯಿಯಿಂದ ನೀರು ಬೆರೆಸದೆ ತುಂಬಿದ್ದು, ಪ್ರತಿ ಕಂತಿಗೂ ಸಂಖ್ಯೆ ಇರುತ್ತದೆ, ಕಂತಿನಿಂದ ಕಂತಿಗೆ ರುಚಿ ಬೇರೆ. ಲಫ್ರೋಯ್ಗ್ ಹತ್ತು ವರ್ಷದ ಕಾಸ್ಕ್ ಸ್ಟ್ರೆಂತ್ (ನೀರು ಬೆರೆಸದೆ ಪೀಪಾಯಿಯ ತ್ರಾಣದಲ್ಲಿಯೇ ತುಂಬಿದ್ದು) ಕೂಡ ಹಾಗೆಯೇ, ಆದರೆ ಅದರಲ್ಲಿ ಕೊಳೆತ ಸಸ್ಯಗಳ ಇದ್ದಿಲಿನಂಥ ಪೀಟ್ ಮಣ್ಣಿನ ಹೊಗೆ ತುಂಬಿರುತ್ತದೆ. ಮೊದಲ ಗುಟುಕಿಗೆ ನನ್ನ ಅಣ್ಣ ಇದು ಆಸ್ಪತ್ರೆಯ ವಾಸನೆ ಎಂದು ಲೋಟ ಕೆಳಗಿಟ್ಟಿದ್ದ. ಕ್ಯಾಂಬೆಲ್‌ಟೌನಿನ ಸ್ಪ್ರಿಂಗ್‌ಬ್ಯಾಂಕ್ ತನಗೆ ಬೇಕಾದ ಬಾರ್ಲಿಯನ್ನೆಲ್ಲ ತಾನೇ ಮೊಳಕೆ ಬರಿಸಿಕೊಳ್ಳುವ ಭಟ್ಟಿ, ಉತ್ಪಾದನೆ ಕಡಿಮೆ, ಅಂಗಡಿಗೆ ಬಂದದ್ದು ನಿಲ್ಲುವುದಿಲ್ಲ. ಭಟ್ಟಿಗಳಿಂದ ಪೀಪಾಯಿ ಕೊಂಡು ತಮ್ಮ ಹೆಸರಿನಲ್ಲಿ ತುಂಬುವ ಸ್ವತಂತ್ರ ವ್ಯಾಪಾರಿಗಳೂ ಇದ್ದಾರೆ. ಬೇರೆ ಭಟ್ಟಿಗಳ ವಿಸ್ಕಿಯನ್ನು ಹೊಸದಾಗಿ ಪೀಪಾಯಿಗೆ ತುಂಬುವುದನ್ನು 2024ರಿಂದ ನಿಲ್ಲಿಸಿ ಹಳೆಯ ದಾಸ್ತಾನನ್ನು ಹೊರತರುತ್ತಿರುವ, ಎಲ್ಗಿನ್ ಪಟ್ಟಣದಲ್ಲಿ 1895ರಲ್ಲಿ ಆರಂಭವಾದ ಗಾರ್ಡನ್ ಅಂಡ್ ಮ್ಯಾಕ್‌ಫೇಲ್, 1842ರಷ್ಟು ಹಳೆಯದಾದ ಕೇಡನ್‌ಹೆಡ್. ಇವರ ಒಂದೇ ಪೀಪಾಯಿಯ ಬಾಟಲಿಗಳು ಕೆಲವು ನೂರು ಮಾತ್ರ ಇರುತ್ತವೆ, ಬೆಲೆ ಮಾತ್ರ ಆ ಅಪರೂಪಕ್ಕೆ ತಕ್ಕಷ್ಟು ಏರಿರುವುದಿಲ್ಲ. ನನ್ನ ಮಟ್ಟಿಗೆ ಸಂಗ್ರಹದ ಸೊಗಸು ಇರುವುದು ಇಲ್ಲಿ.

ಎರಡು ಬಾಟಲಿ ಕೊಂಡು ಒಂದನ್ನು ತೆರೆಯಿರಿ. ತೆರೆದದ್ದು ಮೂರನೆಯ ಒಂದು ಭಾಗಕ್ಕೆ ಇಳಿದಾಗ ಸಣ್ಣ ಸೀಸೆಗೆ ವರ್ಗಾಯಿಸಿ, ಇಲ್ಲದಿದ್ದರೆ ಗಾಳಿಯಾಡಿ ಸಪ್ಪೆಯಾಗುತ್ತದೆ.

ಪೀಪಾಯಿಯ ಕರೆ ಬಂದವನು, ತುರುವನೂರು

ಸ್ವಾತಂತ್ರ್ಯ ಹೋರಾಟದಲ್ಲಿ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದ ಊರಿನವನಾದ್ದರಿಂದ ಈ ಚರ್ಚೆಯಲ್ಲಿ ಬಾಯಿ ಹಾಕುವುದೇ ತಪ್ಪೇನೋ. ಆದರೂ ಒಂದು ಎಚ್ಚರಿಕೆ. ಇಡೀ ಪೀಪಾಯಿಯನ್ನೇ ಕೊಡುತ್ತೇವೆ, ಬೇಕಾದರೆ ಭಾರತಕ್ಕೆ ತರಿಸಿಕೊಳ್ಳಿ ಎಂದು ಫೋನಿನಲ್ಲಿ ಒಬ್ಬರು ನನಗೆ ಎರಡು ವಾರ ಗಂಟುಬಿದ್ದಿದ್ದರು. 2012ರ ನವೆಂಬರ್ 23ರಿಂದ ಸಿಂಗಲ್ ಮಾಲ್ಟ್ ಸ್ಕಾಚನ್ನು ಸ್ಕಾಟ್ಲೆಂಡಿನಲ್ಲಿಯೇ ಬಾಟಲಿಗೆ ತುಂಬಬೇಕು, ಮರದ ಪೀಪಾಯಿಯಲ್ಲಿ ಅದು ಆ ದೇಶ ಬಿಡುವಂತಿಲ್ಲ ಎಂಬ ನಿಯಮವನ್ನು ಓದಿ ಹೇಳಿದ ಮೇಲೆ ಕರೆ ನಿಂತಿತು.

ಕೇಳಿದವರು: ಪಂಪ್‌ಸೆಟ್ ವ್ಯಾಪಾರಿ, ದಾವಣಗೆರೆ

ಎಲ್ಲರಿಗೂ ಕೃತಜ್ಞತೆಗಳು. ಸೋಮವಾರ ಅಬಕಾರಿ ಕಚೇರಿಗೆ ಹೋಗಿ ಮಿತಿಯನ್ನು ಕೇಳಿ ಬಂದೆ. ಚಿತ್ರದುರ್ಗದ ಹಿರಿಯರು ಹೇಳಿದಂಥ ನೋಟವೇ ನನಗೂ ದೊರೆಯಿತು. ಎಂಟು ಬಾಟಲಿಗಳನ್ನು ಫ್ರಿಜ್ಜಿನ ಮೇಲಿನಿಂದ ಇಳಿಸಿ ಒಳಕೋಣೆಯ ಬೀರುವಿನಲ್ಲಿ ನಿಲ್ಲಿಸಿದ್ದೇನೆ. ಎರಡು ಲಕ್ಷ ಬ್ಯಾಂಕಿನಲ್ಲಿಯೇ ಇರಲಿ ಎಂದಾಗಿದೆ. ಮುಂದಿನ ಬಾರಿ ಬರುವಾಗ ಅಬುನಾದ ಎರಡು ಬಾಟಲಿ, ಎರಡೂ ಒಂದೇ ಕಂತಿನವು, ತರಲು ಭಾವಮೈದುನನಿಗೆ ಬರೆದಿದ್ದೇನೆ. ಭಾನುವಾರ ರಾತ್ರಿ, ಮಂಡಕ್ಕಿ ಮೆಣಸಿನಕಾಯಿಯ ಜೊತೆಗೆ, ಎಂಟರಲ್ಲಿ ಒಂದನ್ನು ತೆರೆದೆವು. ಹನ್ನೆರಡು ವರ್ಷದ ಗ್ಲೆನ್‌ಲಿವೆಟ್, ಯಾವ ಲೆಕ್ಕದಲ್ಲಿಯೂ ಅಪರೂಪದ್ದಲ್ಲ. ಮೆಣಸಿನಕಾಯಿಯ ಖಾರ ನಾಲಿಗೆಯ ಮೇಲಿದ್ದುದರಿಂದ ರುಚಿ ಸರಿಯಾಗಿ ತಿಳಿಯಲಿಲ್ಲ. ಅದಕ್ಕೆ ಹೊಂದುವ ತಿನಿಸು ಯಾವುದೆಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಗ್ಲಾಸ್ಗೊದಿಂದ ಮರಳಿದವನು, ಹಿರಿಯೂರು

ಹುರಿದ ಬಾದಾಮಿ, ಉಪ್ಪು ಹಾಕದ್ದು. ಮೆಣಸಿನಕಾಯಿಯನ್ನು ಲೋಟ ಬರಿದಾದ ಮೇಲೆ ತಿನ್ನಿ.