ಸಹಾಯ ಬೇಕು: ಬುಲೆಟ್ ಪ್ರೂಫ್ ಜಾಕೆಟ್ ಮೈಗೆ ಕೂರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಕಲ್ಯಾಣ ಕರ್ನಾಟಕದ ಒಂದು ಠಾಣೆಯಲ್ಲಿ ನಾನು ಮಹಿಳಾ ಪಿಎಸ್‌ಐ. ರೇಡ್‌ಗೆ ಹೋಗುವಾಗ ಸ್ಟೋರ್‌ನಿಂದ ಕೊಡುವ ಜಾಕೆಟ್ ಗಂಡಸರ ಅಳತೆಯದು. ನಿಂತಾಗ ಹೇಗೋ ನಡೆಯುತ್ತೆ. ಜೀಪಿನಲ್ಲಿ ಕೂತರೆ ಸಾಕು, ಕೆಳಗಿನ ಅಂಚು ಬೆಲ್ಟಿಗೆ ತಾಗಿ ಇಡೀ ಜಾಕೆಟ್ ಮೇಲೇರಿ ಗಂಟಲು ಒತ್ತುತ್ತೆ. ಪಟ್ಟಿ ಎಷ್ಟು ಬಿಗಿದರೂ ಕಂಕುಳ ಹತ್ತಿರ ನಾಲ್ಕು ಬೆರಳು ತೂರುವಷ್ಟು ಸಂದಿ. ಗುಂಡು ನುಗ್ಗೋಕೆ ಅಷ್ಟು ಜಾಗ ಧಾರಾಳವಾಯ್ತಲ್ಲ!

ಇನ್ನೊಂದು ತಲೆನೋವು. ಮೊನ್ನೆ ಹೊರಗಿನ ಬಟ್ಟೆ ಒಗೆಯೋಣ ಅಂತ ಗುಂಡು ತಡೆಯುವ ಒಳಗಿನ ಪ್ಯಾನೆಲ್ ಹೊರಗೆ ತೆಗೆದೆ. ಒಳಗಿನ ಸೀಲ್ ಮಾಡಿದ ಕವರ್ ಒಂದು ಮೂಲೆಯಲ್ಲಿ ಬಿಟ್ಟುಕೊಂಡು, ಹಳದಿ ಕೆವ್ಲಾರ್ (ಗುಂಡು ತಡೆಯುವ ಗಟ್ಟಿ ನಾರಿನ ಬಟ್ಟೆ) ಪದರ ಕಾಣ್ತಿದೆ. ಮುಟ್ಟಿದರೆ ತೇವ. ಲೇಬಲ್ ಮೇಲಿನ ತಯಾರಿಕೆ ವರ್ಷ ಬೆವರಿಗೆ ಅಳಿಸಿಹೋಗಿದೆ. ಕೆವ್ಲಾರ್‌ಗೆ ಬಿಸಿಲು ಆಗಲ್ಲ, ಬ್ಲೀಚ್ ಅಂತೂ ತಾಗಲೇಬಾರದು ಅನ್ನೋದು ಗೊತ್ತು. ಅದಕ್ಕೇ ಫ್ಯಾನ್ ಕೆಳಗೆ ಮಡಚದೆ ಚಪ್ಪಟೆಯಾಗಿ ಇಟ್ಟಿದ್ದೀನಿ. "ಟೇಪ್ ಹಚ್ಚಿ ಮೇಡಂ, ಏನಾಗಲ್ಲ" ಅಂತಾರೆ ನಮ್ಮ ಹೆಡ್ ಕಾನ್‌ಸ್ಟೆಬಲ್. ನನಗೆ ಧೈರ್ಯ ಬರ್ತಿಲ್ಲ.

ಆರ್ಮರರ್ (ಆಯುಧ, ಜಾಕೆಟ್ ನೋಡಿಕೊಳ್ಳುವವರು) ಕೆಲಸ ಮಾಡಿದವರು ಇದ್ದರೆ ಹೇಳಿ: ಇಂಥ ಪ್ಯಾನೆಲ್ ರಿಪೇರಿ ಆಗುತ್ತಾ, ಅಥವಾ ವಾಪಸ್ ಕೊಟ್ಟು ಬೇರೆ ಕೇಳಲಾ? ಹೊಸದಕ್ಕೆ ಇಂಡೆಂಟ್ (ಬೇಡಿಕೆ ಪತ್ರ) ಹಾಕುವಾಗ ಐಎಸ್ 17051 (ಬುಲೆಟ್ ಪ್ರೂಫ್ ಜಾಕೆಟ್‌ಗಳ ಭಾರತೀಯ ಮಾನದಂಡ) ಜೊತೆಗೆ ಹೆಂಗಸರ ಅಳತೆ ಅಂತ ಹೇಗೆ ಬರೆಯಬೇಕು? ಎದೆಸುತ್ತಳತೆ ಒಂದೇ ಸಾಕಾ, ಕೂತಾಗಿನ ಉದ್ದವನ್ನೂ ಕೊಡಬೇಕಾ? ಸರಿಯಾದ ಅಳತೆಯದು ಸಿಕ್ಕಿರುವ ಮಹಿಳಾ ಸಿಬ್ಬಂದಿ ಯಾರಾದರೂ ಇದ್ದರೆ ನಿಮ್ಮ ಇಂಡೆಂಟ್‌ನ ಒಕ್ಕಣೆ ಕಳಿಸಿ. ಹೆಸರು, ಠಾಣೆ ಅಳಿಸಿಯೇ ಕಳಿಸಿ.