ಏರ್‌ಪೋರ್ಟ್ ಬರುತ್ತದಂತೆ, ಊರಿನವರ ಮಾತು ಎಲ್ಲಿ ಹೇಳಬೇಕು?

ಪ್ರಶ್ನೆ: ಮೇಡಂ, ಬೆಂಗಳೂರಿನ ಎರಡನೇ ಏರ್‌ಪೋರ್ಟಿಗೆ 2025ರಲ್ಲಿ ನೋಡಿದ ಮೂರು ಜಾಗಗಳಲ್ಲಿ ಎರಡು ಕನಕಪುರ ರಸ್ತೆ ಕಡೆ, ಒಂದು ನಮ್ಮ ನೆಲಮಂಗಲ–ಕುಣಿಗಲ್ ರಸ್ತೆ ಕಡೆ. ಬ್ರೋಕರ್‌ಗಳು ದಿನಾ ಬರುತ್ತಾರೆ. ನಮ್ಮ ಮಾತು ಯಾವಾಗ ಲೆಕ್ಕಕ್ಕೆ ಬರುತ್ತದೆ?

ಉತ್ತರ (ನಗರ ಯೋಜಕಿ): ನೋಟಿಸ್ ಬಂದರೆ ಪರಿಹಾರದ ಮೊತ್ತಕ್ಕಿಂತ ಮೊದಲು ಅದು ಯಾವ ಕಾಯ್ದೆಯದು ಅಂತ ನೋಡಿ ಸರ್. 2013ರ ಭೂಸ್ವಾಧೀನ ಕಾಯ್ದೆಯಾದರೆ ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು, ಊರ ಕಡೆಯೇ ಅಹವಾಲು ಸಭೆ ನಡೆಯಬೇಕು. ಪ್ರಾಥಮಿಕ ಅಧಿಸೂಚನೆ ಆದ ಮೇಲೆ ಆಕ್ಷೇಪಣೆಗೆ 60 ದಿನ ಇರುತ್ತದೆ. ಕೈಗಾರಿಕೆಗೆ ಜಮೀನು ತೆಗೆದುಕೊಳ್ಳುವ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆಯಲ್ಲಿ ಆ ಅಧ್ಯಯನವೇ ಇಲ್ಲ. ಅದರ ಸೆಕ್ಷನ್ 28(1)ರ ಮೊದಲ ಅಧಿಸೂಚನೆಯ ನಂತರ ಆಕ್ಷೇಪಣೆಗೆ ಸಾಮಾನ್ಯವಾಗಿ 30 ದಿನ ಸಿಗುತ್ತದೆ, ಅಷ್ಟೆ. 28(4)ರ ಅಧಿಸೂಚನೆ ಆದರೆ ಅಂತಿಮ.

ಊರಿಗೆ ಜಾಸ್ತಿ ಬಿಸಿ ತಟ್ಟುವುದು ಏರ್‌ಪೋರ್ಟ್ ಬೇಲಿಯ ಹೊರಗೆ. ದೇವನಹಳ್ಳಿ ಏರ್‌ಪೋರ್ಟ್ ಶುರುವಾಗಿದ್ದು 2008ರಲ್ಲಿ. ಆಮೇಲೆ ಏರೋಸ್ಪೇಸ್ ಪಾರ್ಕಿಗೆಂದು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಕೇಳಿದರು. 2022ರ ಏಪ್ರಿಲ್‌ನಲ್ಲಿ ಧರಣಿ ಕೂತ ರೈತರು ಮೂರು ವರ್ಷ ಜಗ್ಗಲಿಲ್ಲ. ಸ್ವಾಧೀನ ಕೈಬಿಡುತ್ತೇವೆ ಅಂತ ಸಿದ್ದರಾಮಯ್ಯನವರು ಹೇಳಿದ್ದು 2025ರ ಜುಲೈ 15ಕ್ಕೆ. ಜನರನ್ನು ಮೊದಲೇ ಕೂರಿಸಿ ಮಾತಾಡಿದ್ದರೆ ಇಷ್ಟು ವರ್ಷ ಬೀದಿಯಲ್ಲಿ ಕೂರಿಸಬೇಕಿತ್ತಾ?

ಹಾಗಾಗಿ ಮಾಸ್ಟರ್ ಪ್ಲಾನ್ (ಯಾವ ಜಮೀನು ಯಾವುದಕ್ಕೆ ಅಂತ ಗುರುತಿಸುವ ಯೋಜನೆ) ಕರಡನ್ನು ಸುಮ್ನೆ ಬಿಡಬೇಡಿ. ಸುತ್ತಲಿನ ಜಮೀನು ಹಸಿರು ವಲಯವೋ, ಕೈಗಾರಿಕೆಯೋ, ರಸ್ತೆಯೋ ಅಂತ ಅದರಲ್ಲೇ ತೀರ್ಮಾನ ಆಗುತ್ತದೆ. ಅದಕ್ಕೂ 60 ದಿನ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು.

ಪ್ರಶ್ನೆ: ‘ಏರ್‌ಪೋರ್ಟ್ ಬೇಡ’ ಅಂತ ಊರೆಲ್ಲ ಸಹಿ ಹಾಕಿ ಕೊಟ್ಟರೆ ಸಾಲದಾ ಮೇಡಂ?

ಉತ್ತರ: ಕೊಡಿ, ಅದಕ್ಕೂ ಬೆಲೆ ಇದೆ. ಆದರೆ ಒಂದೇ ಸಾಲಿನ ಅರ್ಜಿಗೆ ಒಂದೇ ಸಾಲಿನ ಉತ್ತರ ಕೊಟ್ಟು ಮುಗಿಸುವುದು ಸುಲಭ. ಗ್ರಾಮ ನಕ್ಷೆ ತೆಗೆದುಕೊಂಡು ಕರಡಿನ ಪಕ್ಕ ಇಡಿ. ಬಂಡಿದಾರಿ, ಗೋಮಾಳ, ಸ್ಮಶಾನ, ಗುಂಡುತೋಪು ಎಲ್ಲ ಇದೆಯಾ ನೋಡಿ. ‘ಈ ಸರ್ವೆ ನಂಬರಿನ ಪಕ್ಕದ ಹಳ್ಳ ನಕ್ಷೆಯಲ್ಲಿ ಕಾಣುತ್ತಿಲ್ಲ, ಮಳೆ ನೀರು ಇದರಲ್ಲೇ ಕೆರೆಗೆ ಹೋಗುತ್ತದೆ’ ಅಂತ ಬರೆದು ಫೋಟೊ ಅಂಟಿಸಿದರೆ, ಅದನ್ನು ತಳ್ಳಿಹಾಕಲು ಅಧಿಕಾರಿ ಕಾರಣ ಹುಡುಕಬೇಕಾಗುತ್ತದೆ. ಗುತ್ತಿಗೆಗೆ, ವಾರಕ್ಕೆ (ಬೆಳೆಯ ಪಾಲಿಗೆ) ಜಮೀನು ಮಾಡುವವರ ಹೆಸರೂ ಸೇರಿಸಿ. ಪಹಣಿ ಇಲ್ಲದವರ ಕಷ್ಟ ಕಡತದಲ್ಲಿ ಕಾಣುವುದೇ ಇಲ್ಲ.

ಪ್ರಶ್ನೆ: ನಮ್ಮದು ಪಕ್ಕದ ಊರು. ಪರಿಸರ ಸಭೆ ಅಂತ ಮಾಡುತ್ತಾರಲ್ಲ, ಅದು ಬರೀ ಶಾಸ್ತ್ರಕ್ಕಾ?

ಉತ್ತರ: ಹಾಗೆ ಅಂದುಕೊಂಡು ನಾವು ಹೋಗದಿದ್ದರೆ ಶಾಸ್ತ್ರವೇ ಆಗುತ್ತದೆ. ಪರಿಸರದ ಮೇಲಿನ ಪರಿಣಾಮ ಅಂದಾಜು ಮಾಡುವ ಬಗ್ಗೆ ಕೇಂದ್ರ ಹೊರಡಿಸಿದ 2006ರ ಅಧಿಸೂಚನೆ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಆ ಪರಿಣಾಮದ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ. ಸಭೆ ಮುಗಿಯುವಾಗ ನಡಾವಳಿಯನ್ನು ಜನರಿಗೆ ಓದಿ ಹೇಳಲೇಬೇಕು. ಅಲ್ಲಿಯವರೆಗೆ ಎದ್ದು ಬರಬೇಡಿ. ನಿಮ್ಮ ಮಾತು ಬಿಟ್ಟುಹೋಗಿದ್ದರೆ ಅಲ್ಲೇ ಸೇರಿಸಿ ಅನ್ನಿ. ಬರಲಾಗದವರು ಬರೆದು ಕಳಿಸಬಹುದು. ಯಾವುದೇ ಅರ್ಜಿ ಕೊಟ್ಟರೂ ನಿಮ್ಮ ಪ್ರತಿಗೆ ತಾರೀಖು ಸಮೇತ ಸೀಲ್ ಹಾಕಿಸಿಕೊಂಡೇ ಬನ್ನಿ.