ತೂಕ 59 ದಾಟಬಾರದು, ಬಲ ಮಾತ್ರ ಏರಬೇಕು: ಅನುಭವ ಇದ್ದವರು ಹೇಳಿ

ಬೆಟಗೇರಿ ಹುಡುಗ:
ನನ್ನ ತೂಕ 57.5 ಕೆಜಿ. ಸ್ಕ್ವಾಟ್ (ರಾಡ್ ಹೆಗಲ ಮೇಲಿಟ್ಟು ಕೂತು ಏಳೋದು) 105, ಬೆಂಚ್ (ಮಲಗಿ ಎದೆ ಮೇಲಿಂದ ತಳ್ಳೋದು) 70, ಡೆಡ್‌ಲಿಫ್ಟ್ (ನೆಲದಿಂದ ಎತ್ತಿ ನಿಲ್ಲೋದು) 140. ಈ ಮೂರೂ ಸೇರಿದ ಪವರ್‌ಲಿಫ್ಟಿಂಗ್‌ನಲ್ಲಿ 59 ಕೆಜಿ ವಿಭಾಗದಲ್ಲೇ ಉಳಿಯಬೇಕು ಅಂತ ಆಸೆ. ಟ್ರೇನರ್ ಮಾತ್ರ "ಮೊದಲು ಚೆನ್ನಾಗಿ ಉಂಡು 66ಕ್ಕೆ ಬಾ, ಬಲ ತಾನಾಗೇ ಬರುತ್ತೆ" ಅಂತಾರೆ. ಅಂಗಡಿ ಕೆಲಸ, ದಿನವಿಡೀ ನಿಂತೇ ಇರಬೇಕು. ಮನೆಯಲ್ಲಿ ಮೊಟ್ಟೆ ನಡೆಯುತ್ತೆ, ಮಾಂಸ ಇಲ್ಲ. ದಪ್ಪ ಆಗದೆ ಬಲ ಹೆಚ್ಚಿಸಿಕೊಂಡವರು ಹೇಗೆ ಮಾಡಿದಿರಿ, ದಯವಿಟ್ಟು ಹೇಳಿ.

ಉಣಕಲ್ 66:
ಎಲ್ಲ ಟ್ರೇನರ್‌ಗಳದ್ದೂ ಇದೇ ರಾಗ ತಮ್ಮಾ. ನನಗೂ 74ಕ್ಕೆ ಹೋಗು ಅಂದಿದ್ದರು. ಹೋಗಲಿಲ್ಲ. ಇವತ್ತಿಗೂ 65ರ ಆಸುಪಾಸಿನಲ್ಲೇ ಇದ್ದೀನಿ, ಡೆಡ್‌ಲಿಫ್ಟ್ 210.

ಒಂದು ಸೆಟ್‌ಗೆ ಹತ್ತು-ಹನ್ನೆರಡು ರೆಪ್, ಅಂದರೆ ಬಿಡದೆ ಅಷ್ಟು ಸಲ ಎತ್ತೋದು, ಬಿಟ್ಟೆ. ಮೂರು ರೆಪ್, ಒಮ್ಮೊಮ್ಮೆ ಎರಡೇ. ಭಾರ ಮಾತ್ರ ನನ್ನ ಗರಿಷ್ಠದ 85ರಿಂದ 90 ಪರ್ಸೆಂಟ್. ಸೆಟ್ ಆದ ಮೇಲೆ ನಾಲ್ಕೈದು ನಿಮಿಷ ಕೂತುಬಿಡೋದು. ಇನ್ನೊಂದು ರೆಪ್ ಬರುತ್ತೆ ಅನ್ನುವಾಗಲೇ ರಾಡ್ ಇಳಿಸೋದು. ಮಸಲ್‌ನಲ್ಲಿ ಇರುವ ನಾರುಗಳಲ್ಲಿ ಎಷ್ಟು ಒಟ್ಟಿಗೆ ಎಳೆಯುತ್ತವೆ ಅನ್ನೋದು ನರಗಳ ಕೈಯಲ್ಲಿದೆ. ನರ ಕಲಿಯೋದು ಭಾರದಿಂದ, ಸುಸ್ತಿನಿಂದ ಅಲ್ಲ. ಮೈ ದಪ್ಪ ಆಗೋದು ಸೆಟ್ಟುಗಳ ರಾಶಿಯಿಂದ, ಅದಕ್ಕಿಂತ ಜಾಸ್ತಿ ತಟ್ಟೆಯಿಂದ.

ಆದರೆ ಹೀಗೆ ಮಾಡೋಕೆ ಜಿಮ್‌ನವರು ಬಿಡಬೇಕಲ್ಲ! ಹಳೇ ಜಿಮ್‌ನ ಮಾಲೀಕ ಬಂದು "ಏನ್ ಕುಂತೀಯೋ, ಮಂದಿ ಕಾಯಾಕತ್ತಾರ, ರಾಡ್ ಬಿಡು" ಅಂತಿದ್ದ. ತಿಂಗಳಿಗೆ 1,200, ಮೂರು ತಿಂಗಳ ಮುಂಗಡ 3,600 ಕೊಟ್ಟಿದ್ದೆ. ಬಿಡುವಾಗ ಒಂದು ಪೈಸೆ ವಾಪಸ್ ಬರಲಿಲ್ಲ. ಅದಕ್ಕಿಂತ ದೊಡ್ಡ ಮೋಸ ರಾಡಿಗೆ ಹಾಕುವ ಭಾರದ ಪ್ಲೇಟಿನದು. ಅನುಮಾನ ಬಂದು 20 ಅಂತ ಬರೆದಿದ್ದ ಪ್ಲೇಟನ್ನು ಪಕ್ಕದ ಗುಜರಿ ಅಂಗಡಿ ತಕ್ಕಡಿ ಮೇಲೆ ಇಟ್ಟೆ. 18.7! ಎರಡೂ ಕಡೆ ನಾಲ್ಕು ನಾಲ್ಕು ಹಾಕಿ, ರಾಡಿನ 20 ಸೇರಿಸಿ 180 ಅಂತ ಬೀಗುತ್ತಿದ್ದದ್ದು ನಿಜಕ್ಕೆ 170ಕ್ಕೂ ಕಮ್ಮಿ. ಸ್ಪರ್ಧೆಯಲ್ಲಿ 180 ನೆಲ ಬಿಡಲಿಲ್ಲ ಅಂದರೆ ತಪ್ಪು ಯಾರದು? ಬೆಲ್ಟ್ 3,800, ಮೊಣಕಾಲಿಗೆ ಹಾಕೋ ಸ್ಲೀವ್ 4,200, ಮೈಗಂಟುವ ಸ್ಪರ್ಧೆ ಉಡುಪು 2,600. ಎಲ್ಲ ನನ್ನ ಜೇಬಿನಿಂದ.

ಹಾನಗಲ್ ವಸ್ತಾದ:
ರಾಡು, ಪ್ಲೇಟು, ಬೆಲ್ಟು. ಇಷ್ಟೆಲ್ಲಾ ಯಾಕೆ ಬೇಕು? ನಮ್ಮ ಕಾಲದಲ್ಲಿ ಗರಡಿ ಮನೆ ಇತ್ತು, ಕೆಂಪು ಮಣ್ಣಿತ್ತು. ನಾನು ಕುಸ್ತಿ ಹಿಡಿದದ್ದು 57 ಕೆಜಿಯಲ್ಲಿ. ದಂಡ, ಬೈಠಕ್, ಹಗ್ಗ ಹತ್ತೋದು, ಅಷ್ಟೇ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತಿದಾಗ 80 ಕೆಜಿ ಆಳುಗಳು ಬಾಯಿ ಬಿಟ್ಟುಕೊಂಡು ನೋಡಿದ್ದರು. ಕಲ್ಲಿಗೆ ಹಿಡಿಕೆ ಇರಲ್ಲ, ನುಣ್ಣಗೆ ಇರುತ್ತೆ. ಮೊದಲು ಮೊಣಕಾಲ ಮೇಲೆ ತಂದು, ಎದೆಗೆ ಅಪ್ಪಿಕೊಂಡು, ಆಮೇಲೆ ಹೆಗಲಿಗೆ. ಅದು ಬಲ.

ಖರ್ಚಿನ ಮಾತು ಬಂತಲ್ಲ, ಕೇಳಿ. ದಿನಾ ಎರಡು ಲೀಟರ್ ಎಮ್ಮೆ ಹಾಲು ಡೇರಿಗೆ ಹೋಗೋ ಬದಲು ನನ್ನ ಹೊಟ್ಟೆಗೆ ಹೋಗುತ್ತಿತ್ತು. ಬದಾಮಿ, ಉತ್ತತ್ತಿ ಬೇರೆ. ಇವತ್ತಿಗೂ ಹೊಲದ ಪಾಲಿನ ಮಾತು ಬಂದರೆ ನಮ್ಮಣ್ಣ ಆ ಹಾಲಿನ ಲೆಕ್ಕ ತೆಗೆಯುತ್ತಾನೆ. ರಾಜ್ಯ ಮಟ್ಟದ ಆಯ್ಕೆಯಲ್ಲಿ ನನ್ನ ಬಿಟ್ಟು ಬೇರೆಯವನನ್ನು ಕಳಿಸಿದರು. ಯಾಕೆ ಅಂತ ಎಲ್ಲರಿಗೂ ಗೊತ್ತು. ಅದು ಬೇರೆ ಕಥೆ.

ಸಪ್ತಾಪುರ 52:
ಕಾಕಾ, ನಿಮ್ಮ ಬಗ್ಗೆ ಗೌರವ ಇದೆ. ಆದರೆ ಐನೂರು ಬೈಠಕ್ ಹೊಡೆದರೆ ಐನೂರು ಬೈಠಕ್ ಹೊಡೆಯುವ ತಾಕತ್ತು ಬರುತ್ತೆ ಅಷ್ಟೇ. ಭಾರ ಎತ್ತೋಕೆ ಭಾರವೇ ಎತ್ತಬೇಕು. ನಮ್ಮ ಕುಂದಾಪುರದ ಗುರುರಾಜ ಪೂಜಾರಿಯವರ ಮನಸ್ಸು ಮೊದಲು ಕುಸ್ತಿ ಕಡೆಯೇ ಇತ್ತು. 2018ರ ಕಾಮನ್‌ವೆಲ್ತ್‌ನಲ್ಲಿ ವೇಟ್‌ಲಿಫ್ಟಿಂಗ್‌ನ 56 ಕೆಜಿಯಲ್ಲಿ ಬೆಳ್ಳಿ ಬಂದದ್ದು ಮಾತ್ರ ರಾಡಿನಿಂದ. ತಲೆ ಮೇಲೆ ಎತ್ತುವ ಎರಡೂ ಬಗೆ ಸೇರಿ 249 ಕೆಜಿ. ಮೀರಾಬಾಯಿ ಚಾನು ಅವರು ಟೋಕಿಯೋ ಒಲಿಂಪಿಕ್ಸ್‌ನಲ್ಲಿ 49 ಕೆಜಿ ವಿಭಾಗದಲ್ಲಿ 115 ಕೆಜಿ ತಲೆ ಮೇಲೆ ಎತ್ತಿದರು. ಅವರನ್ನು ದಪ್ಪ ಅನ್ನೋಕೆ ಆಗುತ್ತಾ?

ನನ್ನ ಕಥೆ ಹೇಳ್ತೀನಿ. ತೂಕ 51ರಿಂದ 52ರ ನಡುವೆ, ಡೆಡ್‌ಲಿಫ್ಟ್ 135. ಮನೆಯಲ್ಲಿ ಒಂದೇ ಮಾತು, "ಗಂಡಸರ ಹಂಗ ಆಗ್ತಿ". ಇಲ್ಲಿಯವರೆಗೂ ಹಳೇ ಕುಪ್ಪಸದ ಹೊಲಿಗೆ ಬಿಚ್ಚಿಲ್ಲ! ಊಟದಲ್ಲಿ ಒಂದು ಕೆಜಿ ಮೈತೂಕಕ್ಕೆ 1.6ರಿಂದ 2 ಗ್ರಾಂ ಪ್ರೋಟೀನ್ ಸಾಕು. ಅರ್ಧ ಲೀಟರ್ ಹಾಲು, ನಾಲ್ಕು ಮೊಟ್ಟೆ, ಮಡಕಿ ಕಾಳು, ಮೊಸರು, ಕಮ್ಮಿ ಬಿದ್ದರೆ ಒಂದು ಚಮಚ ವೇ ಪೌಡರ್. ಶೇಂಗಾ ಹಿಂಡಿ (ಚಟ್ನಿಪುಡಿ) ಮಾತ್ರ ಹುಷಾರು. ರೊಟ್ಟಿ ಪಕ್ಕಕ್ಕೆ ಕೈಗೆ ಬಂದಷ್ಟು ಹಾಕಿಕೊಂಡು ಎಣ್ಣೆ ಬಿಟ್ಟುಕೊಂಡರೆ ತೂಕ ಏರೋದು ಗೊತ್ತೇ ಆಗಲ್ಲ. ಶೇಂಗಾದಲ್ಲಿ ಹೆಚ್ಚುಕಮ್ಮಿ ಅರ್ಧ ಕೊಬ್ಬೇ ಇರೋದು.

ನನಗೆ ಆದ ನಷ್ಟ ಕ್ರಿಯೇಟಿನ್ ಅನ್ನೋ ಪುಡಿಯಿಂದ. ಬಲಕ್ಕೆ ಒಳ್ಳೆಯದೇ, ದಿನಕ್ಕೆ 3ರಿಂದ 5 ಗ್ರಾಂ. ಆದರೆ ಅದು ಮಸಲ್ ಒಳಗೆ ನೀರು ಹಿಡಿಯುತ್ತೆ, ತೂಕ ಒಂದೆರಡು ಕೆಜಿ ಏರಬಹುದು. ಇದನ್ನು ಕೋಚ್ ಹೇಳಲೇ ಇಲ್ಲ. ಸ್ಪರ್ಧೆಗೆ ಸ್ವಲ್ಪ ಮುಂಚೆ ಡಬ್ಬಿ ಕೈಗಿಟ್ಟರು. ತೂಕದ ದಿನ 52.6. ಕಾಟಾ ಮುಂದೆ ಕೂದಲು ಕತ್ತರಿಸಲಾ ಅಂತ ಕೇಳಿದೆ, ಆರುನೂರು ಗ್ರಾಂ ಕೂದಲು ಯಾರಿಗಿದೆ ಅಂದರು. 57ರಲ್ಲಿ ಆಡಿಸಿದರು, ನಾಲ್ಕನೇ ಸ್ಥಾನ. ಪ್ರವೇಶ ಶುಲ್ಕ, ರೈಲು, ಲಾಡ್ಜ್, ಡಬ್ಬಿಯ 650, ಎಲ್ಲ ಸೇರಿ ಆರು ಸಾವಿರದ ಹತ್ತಿರ. 52ರಲ್ಲಿ ಚಿನ್ನ ಗೆದ್ದವಳು ಎತ್ತಿದ್ದು ನನಗಿಂತ ಕಮ್ಮಿ.

ಗೋಕುಲ ರೋಡ್ ಬಾರ್ಬೆಲ್:
ಉಣಕಲ್ ಸರ್, ಆ 210 ಸುಮೋನಾ, ಮಾಮೂಲಿನಾ? ಕಾಲು ಅಗಲ ಮಾಡಿ ನಾಲ್ಕು ಇಂಚು ಎತ್ತಿದ್ದನ್ನ ಡೆಡ್‌ಲಿಫ್ಟ್ ಅಂತ ಕರೆಯಬೇಡಿ. ಬಲ ನೋಡಬೇಕು ಅಂದರೆ ಎಪಿಎಂಸಿಗೆ ಹೋಗಿ. ಐವತ್ತೈದು ಕೆಜಿ ಹಮಾಲ ನೂರು ಕೆಜಿ ಚೀಲ ಹೊತ್ತು ಲಾರಿ ಹತ್ತುತ್ತಾನೆ. ಪ್ರೋಟೀನ್ ಇಲ್ಲ, ಜಿಮ್ ಇಲ್ಲ.

ಉಣಕಲ್ 66:
ಸುಮೋ ನಿಯಮದಲ್ಲೇ ಇದೆ. ನಿಮ್ಮ ಹೊಟ್ಟೆ ಉರಿ ನಿಯಮ ಪುಸ್ತಕದಲ್ಲಿಲ್ಲ. ಒಬ್ಬೊಬ್ಬರ ಎಲುಬಿನ ಅಳತೆ ಒಂದೊಂದು. ಅಮೆರಿಕದ ಲಾಮಾರ್ ಗ್ಯಾಂಟ್ ಅಂತ ಇದ್ದರು, 1985ರಲ್ಲಿ 60 ಕೆಜಿ ಮೈತೂಕಕ್ಕೆ 300 ಕೆಜಿ ಡೆಡ್‌ಲಿಫ್ಟ್, ಸರಿಯಾಗಿ ಐದು ಪಟ್ಟು. ಬೆನ್ನುಮೂಳೆ ಸೊಟ್ಟ, ಕೈ ಉದ್ದ. ಅವರಿಗೂ "ನಿನ್ನ ಕೈ ಉದ್ದ, ಮೋಸ" ಅಂತೀರಾ? ನಿಮ್ಮದೆಷ್ಟು, ಹೇಳಿ ನೋಡೋಣ.

ಗೋಕುಲ ರೋಡ್ ಬಾರ್ಬೆಲ್:
ನನಗೆ ಈಗ ಭುಜ ನೋವು. ಇಲ್ಲದಿದ್ದರೆ ಹೇಳ್ತಿದ್ದೆ.

ಅಮರಗೋಳ:
ಹಮಾಲರ ಹೆಸರು ತೆಗೆದವರಿಗೆ ಒಂದು ಮಾತು. ನಮ್ಮಪ್ಪ ಹಮಾಲಿ ಮಾಡಿದವರು. ತೂಕ 54, ಹೊತ್ತದ್ದು ನೂರರ ಚೀಲ, ನಿಜ. ಆದರೆ ಹಮಾಲ ಚೀಲವನ್ನು ನೆಲದಿಂದ ಎತ್ತಲ್ಲ ರೀ. ಇಬ್ಬರು ಕೊಕ್ಕೆ ಹಾಕಿ ಎತ್ತಿ ಬೆನ್ನಿಗೆ ಕೊಡುತ್ತಾರೆ. ಇವರು ಬಗ್ಗಿ, ಕತ್ತಿನ ಕೆಳಗೆ ಚೀಲದ ನಡು ಕೂರುವ ಹಾಗೆ ತಗೊಂಡು, ಸಣ್ಣ ಸಣ್ಣ ಹೆಜ್ಜೆಯಲ್ಲಿ ಓಡುತ್ತಾರೆ. ನಿಂತರೆ ಹೋಯಿತು. ಹಲಗೆ ಹತ್ತುವಾಗ ಉಸಿರು ಬಿಡೋದು ಎಲ್ಲಿ, ಹಿಡಿಯೋದು ಎಲ್ಲಿ, ಅದೂ ಲೆಕ್ಕ. ಹದಿನಾರನೇ ವಯಸ್ಸಿಗೆ ಶುರು ಮಾಡಿ ದಿನಾ ಅದೇ ಕೆಲಸ ಮಾಡಿದ ಮೈ ಅದು. ಸಣ್ಣ ಮೈಗೆ ತನ್ನ ತೂಕದ ಲೆಕ್ಕದಲ್ಲಿ ಜಾಸ್ತಿ ಹೊರುವ ಅನುಕೂಲ ಇದ್ದೇ ಇದೆ, ಯಾಕಂದರೆ ಮೈ ದೊಡ್ಡದಾದ ಹಾಗೆ ತೂಕ ಏರುವಷ್ಟು ಬೇಗ ಬಲ ಕೊಡುವ ಮಸಲ್‌ನ ದಪ್ಪ ಏರಲ್ಲ.

ಈಗ ಅಪ್ಪನ ಸೊಂಟದ ಕೊನೆ ಎರಡು ಡಿಸ್ಕ್ ಹೋಗಿವೆ. ಎಂಆರ್‌ಐ 6,500. ಸೊಂಟದ ಪಟ್ಟಿ 850. ಫಿಸಿಯೋ ಒಂದು ಸಲಕ್ಕೆ 300, ಅದೂ ಆಟೋ ಬಿಟ್ಟು. ಸೊಂಟಕ್ಕೆ ಕೊಟ್ಟ ಇಂಜೆಕ್ಷನ್ 14,000, ನಾಲ್ಕು ತಿಂಗಳು ಆರಾಮ, ಆಮೇಲೆ ಅದೇ ನೋವು. ಜಿಮ್‌ನಲ್ಲಿ ಕೂತು ಅವರನ್ನ ಉದಾಹರಣೆ ಕೊಡೋದು ಸುಲಭ. ನಾನೂ ಎತ್ತುತ್ತೀನಿ, 59ರಲ್ಲೇ. ಒಂದು ದಿನ ಭಾರ, ಒಂದು ದಿನ ಹಗುರ, ಒಂದು ದಿನ ರಜೆ. ಮಸಲ್ ಬೇಗ ಗಟ್ಟಿಯಾಗುತ್ತೆ, ಅದನ್ನು ಎಲುಬಿಗೆ ಕಟ್ಟಿರುವ ಸ್ನಾಯುರಜ್ಜು ನಿಧಾನ. ವಾರವಾರ ಐದು ಕೆಜಿ ಏರಿಸುವವರನ್ನು ನೋಡಿದರೆ ನನಗೆ ಅಪ್ಪನ ಸೊಂಟ ನೆನಪಾಗುತ್ತೆ.

ಹಾನಗಲ್ ವಸ್ತಾದ:
ಇದಕ್ಕೇ ಮಣ್ಣಲ್ಲಿ ತಾಲೀಮು ಮಾಡಬೇಕು ಅನ್ನೋದು. ಮಣ್ಣು ಮೈಯನ್ನ ಕಾಯುತ್ತೆ.

ಅಮರಗೋಳ:
ಅಜ್ಜಾ, ನಿಮಗೆ ಎಮ್ಮೆ ಇತ್ತು.

ರಾಣೆಬೆನ್ನೂರು 59:
ಎಲ್ಲರೂ ಬಲದ ಬಗ್ಗೆ ಹೇಳಿದಿರಿ, 59ರಲ್ಲಿ ಉಳಿಯೋ ಕಷ್ಟ ಯಾರೂ ಹೇಳಲಿಲ್ಲ. ನನ್ನ ಮೈ 62. ಸ್ಪರ್ಧೆಯ ಹಿಂದಿನ ದಿನ ಊಟ ಬಂದ್, ಉಪ್ಪು ಬಂದ್, ಸಂಜೆಯಿಂದ ನೀರೂ ಬಂದ್. ಬೆಳಗ್ಗೆ ಸ್ವೆಟರ್ ಮೇಲೆ ರೇನ್‌ಕೋಟ್ ಹಾಕಿ, ಗೆಳೆಯನ ಕಾರಿನ ಗಾಜು ಏರಿಸಿ ಬಿಸಿಲಲ್ಲಿ ಕೂತೆ. ಬಾಯಲ್ಲಿ ಚ್ಯೂಯಿಂಗ್ ಗಮ್, ಕೈಯಲ್ಲಿ ಲೋಟ, ಉಗುಳೋದೇ ಉಗುಳೋದು. ಕಾಟಾ 58.95 ತೋರಿಸಿತು. ಅವತ್ತಿನ ಖುಷಿ ಯಾರಿಗೂ ಗೊತ್ತಾಗಲ್ಲ ಬಿಡಿ.

ತೂಕ ನೋಡಿದ ಎರಡೇ ತಾಸಿಗೆ ಸ್ಕ್ವಾಟ್ ಶುರು. ಓಆರ್‌ಎಸ್ ಆರು ಪಾಕೆಟ್, ಬಾಳೆಹಣ್ಣು, ಇಡ್ಲಿ, ಯಾವುದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮೂರೂ ಸ್ಕ್ವಾಟ್ ಹೋಯಿತು, ಸ್ಪರ್ಧೆಯಿಂದ ಹೊರಗೆ. ಆದರೂ ತೂಕಕ್ಕೆ ಬಂದೆ ಅಲ್ವಾ? ಇನ್ನೊಂದು ತಾಸು ತಡವಾಗಿ ಶುರು ಮಾಡಿದ್ದರೆ ಪದಕ ನನ್ನದೇ.

ಉಣಕಲ್ 66:
ಇದು ಸಾಧನೆ ಅಲ್ಲ ಗುರು, ಹುಚ್ಚು. ಮುಂದಿನ ಸಲ ಮೂತ್ರ ಜಾಸ್ತಿ ಮಾಡಿ ಮೈಯ ನೀರು ಇಳಿಸೋ ಮಾತ್ರೆ ನುಂಗ್ತೀರಿ. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಬಲ್ಗೇರಿಯಾದ ಇಬ್ಬರು ಫ್ಯೂರೋಸಮೈಡ್ ಅನ್ನೋ ಅಂಥದ್ದೇ ಮಾತ್ರೆಯಿಂದ ಚಿನ್ನ ಕಳೆದುಕೊಂಡರು. ಅದೇ ಕೂಟದಲ್ಲಿ ಟರ್ಕಿಯ ನಯೀಮ್ ಸುಲೇಮಾನೋಗ್ಲು 60 ಕೆಜಿ ವಿಭಾಗದಲ್ಲಿ 190 ಕೆಜಿ ತಲೆ ಮೇಲೆ ಎತ್ತಿದ್ದು. ಮೈತೂಕದ ಮೂರು ಪಟ್ಟಿಗಿಂತ ಜಾಸ್ತಿ. ಐದಡಿ ಕೂಡ ಇರಲಿಲ್ಲ ಮನುಷ್ಯ.

ರಾಣೆಬೆನ್ನೂರು 59:
ಮಾತ್ರೆ ಮುಟ್ಟಿಲ್ಲ, ಸುಮ್ನೆ ಆರೋಪ ಮಾಡಬೇಡಿ. ವಿನೇಶ್ ಫೋಗಟ್ ಕೂಡ ರಾತ್ರಿಯಿಡೀ ತೂಕ ಇಳಿಸಿದರು. ಅವರನ್ನೂ ಹುಚ್ಚು ಅಂತೀರಾ?

ಸಪ್ತಾಪುರ 52:
ಅವರ ಹೆಸರು ಇಲ್ಲಿ ತರಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡನೇ ದಿನದ ತೂಕದಲ್ಲಿ 100 ಗ್ರಾಂ ಜಾಸ್ತಿ ಬಂದದ್ದಕ್ಕೆ ಫೈನಲ್ ಹೋಯಿತು. ಮೊದಲ ದಿನ ಮೂರು ಕುಸ್ತಿ ಗೆದ್ದಿದ್ದರು. ನೀವು ಖಾಲಿ ರಾಡ್ ಬಿಟ್ಟು ಏನು ಎತ್ತಿದಿರಿ?

ಹಾನಗಲ್ ವಸ್ತಾದ:
ತಂಗೀ, ಕುಸ್ತಿಯ ವಿಷಯ ಬಂದರೆ ನನ್ನ ಕೇಳು. ಧಾರವಾಡದವರಿಗೆ ಏನು ಗೊತ್ತು.

ಸಪ್ತಾಪುರ 52:
ಧಾರವಾಡದಲ್ಲಿ ಗರಡಿ ಇಲ್ವಾ ಕಾಕಾ? ಬಂದು ನೋಡಿ ಒಮ್ಮೆ.

ಬೆಟಗೇರಿ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ನಾನು ಮೂರು ರೆಪ್‌ಗೆ ಬರಲಾ? ಮತ್ತೆ ದಿನವಿಡೀ ನಿಂತು ಕಾಲು ಸೋತಿರುತ್ತೆ, ಸ್ಕ್ವಾಟ್ ಬೆಳಗ್ಗೆ ಮಾಡಲಾ, ಸಂಜೆನಾ?

ಅಮರಗೋಳ:
ಬೆಳಗ್ಗೆ. ನಿಂತು ಸೋತ ಕಾಲಲ್ಲಿ ಭಾರ ಬೇಡ. ಎದ್ದ ತಕ್ಷಣನೂ ಬೇಡ, ಒಂದು ತಾಸು ಓಡಾಡಿ ಬೆನ್ನು ಸಡಿಲ ಆಗಲಿ. 59ಕ್ಕೆ ಇನ್ನೂ ಒಂದೂವರೆ ಕೆಜಿ ಜಾಗ ಇದೆ ನಿಂಗೆ, ಉಪವಾಸ ಬೀಳಬೇಡ. 140 ಎತ್ತುವವನಿಗೆ ಇನ್ನೂ ಬಹಳ ದಿನ ನರದಿಂದಲೇ ಬಲ ಬರುತ್ತೆ. ಅದು ನಿಂತಾಗ 66ರ ಮಾತು.

ಗೋಕುಲ ರೋಡ್ ಬಾರ್ಬೆಲ್:
ಡೆಡ್‌ಲಿಫ್ಟ್ ಮಾಮೂಲಿ ರೀತಿಯಲ್ಲೇ ಮಾಡು ತಮ್ಮಾ, ಸುಮೋ ಬೇಡ.

ಉಣಕಲ್ 66:
ಮತ್ತೆ ಶುರುವಾಯ್ತು.

ರಾಣೆಬೆನ್ನೂರು 59:
ಬೆಟಗೇರಿ ತಮ್ಮಾ, ಬೆಲ್ಟ್ ಬೇಕಾದರೆ ನನ್ನ ಹತ್ತಿರ ಇದೆ. ಲಿವರ್ ಬೆಲ್ಟ್, 10 ಎಂಎಂ, ಮೀಡಿಯಂ. ತಗೊಂಡಿದ್ದು 4,500, ನಿನಗೆ 3,500.

ಸಪ್ತಾಪುರ 52:
ಹೊಸದೇ 3,800ಕ್ಕೆ ಸಿಗುತ್ತೆ ಅಂತ ಮೇಲೇ ಬರೆದಿದ್ದಾರಲ್ಲ!

ರಾಣೆಬೆನ್ನೂರು 59:
ಅದು ಲಿವರ್ ಒತ್ತಿ ಬಿಗಿಯೋದಲ್ಲ ಅಕ್ಕಾ, ಬಕಲ್ ಹಲ್ಲಿನದು. 3,200. ಗದಗಿಗೆ ಬಸ್ಸಲ್ಲಿ ಕಳಿಸ್ತೀನಿ, ಪಾರ್ಸಲ್ ಖರ್ಚು ನಿಂದು.

ಬೆಟಗೇರಿ ಹುಡುಗ:
2,500ಕ್ಕೆ ಆಗುತ್ತಾ ಅಣ್ಣಾ?